ಪೇಜ್‌ಮೇಕರ್ ಮತತ್ರಯ ವಿಚಾರ

ಹಳೆಯ ತಂತ್ರಾಂಶವನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವ ಪ್ರಶ್ನೆಯನ್ನು ಲೋಕ ಇದುವರೆಗೆ ರಿಪೇರಿ ಹುಡುಗರ ಪಾಲಿಗೆ ಬಿಟ್ಟಿದೆ. ಅದು ಅಪ್ಪಟ ವೇದಾಂತದ ಪ್ರಶ್ನೆ ಎಂದು ಸ್ಥಾಪಿಸುವುದು ಈ ಪ್ರಬಂಧದ ಪ್ರಯೋಜನ. ಅಧಿಕಾರಿ ಯಾರೆಂದರೆ, ಎದುರಿಗೆ ‘ಸಂಜೆಗೇ ಬೇಕು’ ಎಂದು ಗಿರಾಕಿ ಕೂತಿರುವ, ಪೇಜ್‌ಮೇಕರ್ ಬಿಟ್ಟು ಅನ್ಯದೈವವನ್ನರಿಯದ ಡಿಟಿಪಿ ಅಂಗಡಿಯವನು. ಕೋರಲ್‌ಡ್ರಾ ಉಪಾಸಕರಿಗೆ ಬೇರೆ ಪ್ರಬಂಧ ಬೇಕು. ಅದನ್ನು ನಾನಂತೂ ಬರೆಯುವುದಿಲ್ಲ.

ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿಯಲ್ಲಿ ಅವತರಿಸಿ, 1994ರಲ್ಲಿ ಅಡೋಬಿಗೆ ದತ್ತು ಹೋಗಿ, 2001ರ ಏಳನೆಯ ಆವೃತ್ತಿಗೆ ಅವತಾರ ಮುಗಿಸಿತು. ಅಷ್ಟರಲ್ಲೇ ಇನ್‌ಡಿಸೈನ್ ಎಂಬ ದೇವರ ತೇರು ಹೊರಟಿತ್ತಾದರೂ ನಮ್ಮ ಬೀದಿಗೆ ಬರಲಿಲ್ಲ. ಅಂಗಡಿಯವನ ಅನ್ನ ಇರುವುದು ಹಳೆ ಫೈಲುಗಳಲ್ಲಿ. ಅಮ್ಮನ ಲಗ್ನಪತ್ರಿಕೆ ತೆಗೆದು ಹೆಸರು, ಮುಹೂರ್ತ, ಛತ್ರ ಬದಲಿಸಿದರೆ ಮಗಳದು ಸಿದ್ಧ. ‘ತಮ್ಮ ಸುಖಾಗಮನ ಬಯಸುವ’ ಎಂಬುದನ್ನು ಅವನು ಎರಡನೇ ಸಲ ಟೈಪ್ ಮಾಡಿದ್ದೇ ಇಲ್ಲ.

ಈಗ ಮತಗಳು. ಅದ್ವೈತವೆಂದರೆ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ‘ವಿಂಡೋಸ್ ಎಕ್ಸ್‌ಪಿ’ ಆರಿಸುವುದು. ಎಕ್ಸ್‌ಪಿ ಅಲ್ಲಿ ಇಲ್ಲವೇ ಇಲ್ಲ. ತಂತ್ರಾಂಶ ‘ನೀನ್ಯಾರು?’ ಎಂದಾಗ ಹೊಸ ವಿಂಡೋಸ್ ‘ನಾನೇ ಎಕ್ಸ್‌ಪಿ’ ಎನ್ನುತ್ತದೆ. ಹಗ್ಗ ತಾನೇ ಹಾವೆಂದು ಒಪ್ಪಿಕೊಂಡಂತೆ. ಪೇಜ್‌ಮೇಕರ್ ನಂಬಿ ಕಣ್ಣು ಬಿಡುತ್ತದೆ. ಪೂರ್ವಪಕ್ಷಿ ಇಲ್ಲಿ ತಕರಾರು ಎತ್ತಬಹುದು: 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಹತ್ತಿರ ಸೇರಿಸುವುದಿಲ್ಲವಲ್ಲ? ನಿಜ. ಕೆಲವು ಹಳೆ ತಂತ್ರಾಂಶಗಳು ಸ್ವತಃ 32 ಬಿಟ್ ಆದರೂ ಅವುಗಳ ಇನ್‌ಸ್ಟಾಲರ್ 16 ಬಿಟ್. ಮದುಮಗನಿಗೆ ಛತ್ರದೊಳಗೆ ಪ್ರವೇಶವಿದೆ, ಪುರೋಹಿತರಿಗೆ ಇಲ್ಲ.

ವಿಶಿಷ್ಟಾದ್ವೈತ ವರ್ಚುವಲ್ ಮಷಿನ್ನಿನದು. ಎಕ್ಸ್‌ಪಿ ಸತ್ಯ, ಆದರೆ ಸ್ವತಂತ್ರವಲ್ಲ. ಹೊಸ ಕಂಪ್ಯೂಟರಿನ ಒಡಲಲ್ಲೇ ಅದರ ವಾಸ. ವಿಂಡೋಸ್ 7ರ ಪ್ರೊಫೆಷನಲ್ ಆವೃತ್ತಿಗೆ ಮೈಕ್ರೋಸಾಫ್ಟೇ ‘ಎಕ್ಸ್‌ಪಿ ಮೋಡ್’ ಎಂಬ ಈ ದೀಕ್ಷೆಯನ್ನು ಪುಕ್ಕಟೆ ಕೊಟ್ಟಿತ್ತು. ಉದಾತ್ತ ಮತ. ಸೇವ್ ಮಾಡಿದ ಫೈಲು ಒಳಗಿದೆಯೋ ಹೊರಗಿದೆಯೋ ಎಂದು ಮಾತ್ರ ಕೇಳಬಾರದು.

ಇಷ್ಟಾದರೂ ತಂತ್ರಾಂಶ ಬರೀ ದೇಹ, ಆತ್ಮವೆಂದರೆ ಫಾಂಟು. ಪ್ರಮಾಣ ಬೇಕೆ? ‘ನುಡಿ’ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದ ಫೈಲನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಮೊದಲು ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡು, ಮತ್ತದೇ ಎ, ನ-ಒತ್ತಿನ ಜಾಗದಲ್ಲಿ ಜರ್ಮನರ ಎಸ್ಸೆಟ್, ಒಂದು ಸಣ್ಣ ಕ್ಯೂ, ಕೊನೆಗೆ ಪುನಃ ಎ. ಕನ್ನಡದ ಹೊಟ್ಟೆಯಲ್ಲೇ ಪೌಂಡ್ ಕೂತಿರುವುದು ವಸಾಹತುಶಾಹಿಯ ಮೇಲೆ ಪಿಎಚ್‌ಡಿ ಮಾಡುವವರ ಕಣ್ಣಿಗೆ ಬೀಳಬೇಕಿತ್ತು. ತಿರುಗಿ, ಯೂನಿಕೋಡ್ ಕನ್ನಡವನ್ನು ಪೇಜ್‌ಮೇಕರಿಗೆ ಅಂಟಿಸಿದರೆ ಸಾಲುಗಟ್ಟಿ ಬರುವುದು ಪ್ರಶ್ನಾರ್ಥಕ ಚಿಹ್ನೆಗಳು. ಹಳೆಯದರ ಮಾತು ಹೊಸದಕ್ಕೆ ಬಡಬಡಿಕೆ. ಹೊಸದು ಬಾಯಿಬಿಟ್ಟರೆ ಹಳೆಯದಕ್ಕೆ ಬರೀ ‘ಏನು? ಏನು?’ (ಅಜ್ಜ-ಮೊಮ್ಮಕ್ಕಳ ಕುರಿತು ಇಲ್ಲಿ ಏನನ್ನೂ ಸೂಚಿಸುತ್ತಿಲ್ಲ.)

ಈ ಪ್ರಮಾಣಗಳನ್ನೆಲ್ಲ ಹೊತ್ತು ಅಂಗಡಿಗೆ ಹೋದೆ. ಅವನು ಕಟ್ಟಾ ದ್ವೈತಿ. ಮೇಜಿನ ಮೇಲೆ ಹೊಸ ಕಂಪ್ಯೂಟರು; ಕೆಳಗೆ ಹಳದಿಗಟ್ಟಿದ ಹಳೆ ಸಿಪಿಯು, ಒಂದು ಪಕ್ಕದ ಮುಚ್ಚಳವಿಲ್ಲ, ಹಣೆಯಲ್ಲಿ ಆಯುಧಪೂಜೆಯ ಕುಂಕುಮ. ಬೆನ್ನಿನ 25 ಪಿನ್ನಿನ ಪೋರ್ಟಿಗೆ ಅಕ್ಷರ ತಂತ್ರಾಂಶದ ಡಾಂಗಲ್ ಕಚ್ಚಿಕೊಂಡಿತ್ತು. ಹೊಸದಕ್ಕೆ ಆ ಪೋರ್ಟೇ ಇಲ್ಲ, ಭೇದ ನಿತ್ಯ.

“ಇದಕ್ಕೆ ನೆಟ್ ಕೊಟ್ಟಿಲ್ಲ ಸಾರ್, ಕೊಟ್ರೆ ಕೆಟ್ಟುಹೋಗುತ್ತೆ” ಎಂದ.

“ಮತ್ತೆ ಎರಡರ ನಡುವೆ ಸಂಬಂಧ?”

“ಪೆನ್‌ಡ್ರೈವು.”

ಜೀವಕ್ಕೂ ಹರಿಗೂ ನಡುವೆ ವಾಯು! ರೋಮಾಂಚನವಾಯಿತು. ದರ್ಶನಕ್ಕೆ ಅದೆಲ್ಲಿದೆ ಎಂದು ಕೇಳಿದೆ.

“ಮದುವೆ ಫೋಟೋದವ್ರು ಇಸ್ಕೊಂಡು ಹೋದ್ರು ಸಾರ್. ನಾಳೆ ಬನ್ನಿ.”