ಕಾರಿಗೆ ಕಾವೇರಿ ಅಭಿಷೇಕ

2024ರ ಮಾರ್ಚ್. ಬೆಂಗಳೂರಿನ ಆರ್‌ಪಿಸಿ ಲೇಔಟ್. ಬೆಳಗಿನ ಜಾವ, ಗೇಟಿನ ಮುಂದೆ.

"ಏನ್ ಸಾರ್, ಕಾವೇರಿ ನೀರಲ್ಲಿ ಕಾರು ತೊಳೀತಿದೀರಾ? ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತೆ!"

"ತೊಳೀತಿಲ್ಲ ರೀ, ಅಭಿಷೇಕ. ನಿನ್ನೆ ತಾನೇ ಡೆಲಿವರಿ ಆಯ್ತು."

"ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ತಂದ ನೀರು..."

"ಅದಕ್ಕೇ ತೀರ್ಥ!"

(ಇಂಥ ಭಕ್ತಿಗೆ ದಂಡ ಬರೆಯೋ ಪೆನ್ನು ಇನ್ನೂ ತಯಾರಾಗಿಲ್ಲ.)

"ಮಳೆನೀರಿನ ತೊಟ್ಟಿ ಇದೆಯಲ್ಲ?"

"ಅದ್ರಲ್ಲಿ ಹಳೇ ಪೇಪರು, ಅತ್ತೆಯವರ ಟ್ರಂಕು. ಪೈಪು ಮಾತ್ರ ಇನ್‌ಸ್ಪೆಕ್ಷನ್‌ಗೆ ಅಂತ ಫಳಫಳ."

"ನಲ್ಲಿಗೆ ಏರೇಟರ್?"

"ಬಾಡಿಗೆಯವರ ಮನೆಗೆಲ್ಲಾ ಹಾಕ್ಸಿದೀನಿ. ನೀರು ಉಳಿಸ್ಬೇಕಲ್ವೇ!"

ಪೈಪು ಬಾನೆಟ್‌ನಿಂದ ಚಕ್ರಕ್ಕೆ ತಿರುಗಿತು.

"ಬೋರ್‌ವೆಲ್ ಬತ್ತಿದ್ದು?"

"ಪಕ್ಕದ್ಮನೆಯವರ ದುರಾಸೆ. ನಾಳೆ ನಾನು ಇನ್ನೂರಡಿ ಹೆಚ್ಚಿಗೆ ಕೊರೆಸ್ತೀನಿ. ಸ್ವಲ್ಪ ಆ ಸ್ಪಂಜು ಕೊಡಿ."