ಟಿಕೆಟ್ ಮಾರಿದ ಮಹನೀಯರಿಗೊಂದು ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಗೇಟಿನ ಹೊರಗೆ ನಿಂತೇ ಸಂಗೀತವನ್ನು ಆಲಿಸಿ ಹಿಂದಿರುಗಿದ ಸಮಸ್ತ ರಸಿಕ ಬಂಧುಗಳೇ,

ಕಲಾವಿದರನ್ನು ಸನ್ಮಾನಿಸುವ ಸಂಪ್ರದಾಯವು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದಾದರೂ, ಕಲಾವಿದನನ್ನು ಕಾಣದೆ, ಸಂಘಟಕರನ್ನು ಅರಿಯದೆ, ಮೈದಾನವು ಯಾವ ದಿಕ್ಕಿಗಿದೆಯೆಂಬುದನ್ನೂ ತಿಳಿಯದೆ, ಒಂದು ಮೊಬೈಲಿನ ಬಲದಿಂದಲೇ ಆತನ ಕಾರ್ಯಕ್ರಮದ ಟಿಕೆಟ್ಟುಗಳನ್ನು ಮಾರಿ, ಅವನ್ನು ಕೊಡುವ ಕ್ಷುದ್ರಕಾರ್ಯವೊಂದರಿಂದ ಮಾತ್ರ ವಿಮುಖರಾಗಿ ಉಳಿದ ಮಹನೀಯರನ್ನು ಗೌರವಿಸುವ ಸುಯೋಗವು ಈ ಸಭೆಗೆ ಇಂದು ಪ್ರಾಪ್ತವಾಗಿದೆ. ಶ್ರೀಯುತರ ನಾಮಧೇಯವನ್ನು ಹೇಳಲು ನಾನು ಅಶಕ್ತನು. ಪ್ರೊಫೈಲಿನಲ್ಲಿ ಒಂದು ಹೆಸರು, ಮಾತುಕತೆಯಲ್ಲಿ ಇನ್ನೊಂದು, ಯುಪಿಐ ಮೂಲಕ ಹಣ ಹಾಕಹೊರಟಾಗ ಪರದೆಯ ಮೇಲೆ ಮೂಡಿದುದು ಮೂರನೆಯದು. “ಅದು ನಮ್ ಚಿಕ್ಕಪ್ಪನ ಅಕೌಂಟು ಸಾರ್” ಎಂದು ತಾವು ಅರೆಕ್ಷಣದಲ್ಲಿ ಇತ್ತ ಸಮಾಧಾನಕ್ಕೆ ತಲೆದೂಗಿದ ನಮಗೆ, ಮೂರರಲ್ಲಿ ಬ್ಯಾಂಕಿನ ದಾಖಲೆಯಿಂದ ಬಂದುದು ಅದೊಂದೇ ಎಂಬುದು ಆಗ ಹೊಳೆಯಲಿಲ್ಲ.

ತಮ್ಮ ಪೂರ್ವಿಕರನ್ನು ಸ್ಮರಿಸದೆ ಮುಂದುವರಿಯುವುದು ಕೃತಘ್ನತೆಯಾದೀತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ, ‘ಹೌಸ್‌ಫುಲ್’ ಫಲಕದ ನೆರಳಿನಲ್ಲೇ, ತುಟಿಯಲುಗದಂತೆ “ಬಾಲ್ಕನಿ, ಬಾಲ್ಕನಿ” ಎಂದು ಜಪಿಸುತ್ತ, ಒಂದು ಕಣ್ಣನ್ನು ಗಿರಾಕಿಯ ಮೇಲೂ ಇನ್ನೊಂದನ್ನು ಪೊಲೀಸಿನವನ ಮೇಲೂ ಇಟ್ಟು ನಿಲ್ಲುತ್ತಿದ್ದ ಬ್ಲ್ಯಾಕ್ ಟಿಕೆಟ್ಟಿನವನನ್ನು ನಮ್ಮ ತಲೆಮಾರು ಮರೆತಿಲ್ಲ. ಆತ ಎರಡರಷ್ಟು, ಮೂರರಷ್ಟು ಕೀಳುತ್ತಿದ್ದುದು ದಿಟ. ಆದರೆ ಅಂಗಿಯ ಮಡಿಕೆಯಿಂದ ತೆಗೆದು ಕೊಡುತ್ತಿದ್ದುದು ಟಿಕೆಟ್ಟನ್ನೇ, ಬೆವರಿನಿಂದ ಕೊಂಚ ಒದ್ದೆಯಾಗಿದ್ದರೂ ಬಾಗಿಲಿನವನು ಹರಿದು ಅರ್ಧ ಹಿಂತಿರುಗಿಸುತ್ತಿದ್ದ ಟಿಕೆಟ್ಟನ್ನೇ. ಆ ವೃತ್ತಿಯಲ್ಲಿದ್ದ ಏಕೈಕ ದೋಷವಾದ ಟಿಕೆಟ್ಟನ್ನು ತೆಗೆದುಹಾಕಿ ಅದನ್ನು ಪರಿಶುದ್ಧಗೊಳಿಸಿದ ಕೀರ್ತಿ ತಮ್ಮದು.

2024ರ ಸೆಪ್ಟೆಂಬರ್ 22ರ ಭಾನುವಾರ ಮಧ್ಯಾಹ್ನ, ಕೋಲ್ಡ್‌ಪ್ಲೇ ತಂಡವು ಮುಂದಿನ ಜನವರಿಯಲ್ಲಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಸಲಿದ್ದ ಕಾರ್ಯಕ್ರಮಗಳ ಟಿಕೆಟ್ ಮಾರಾಟವು ಬುಕ್‌ಮೈಶೋದಲ್ಲಿ ಆರಂಭವಾದಾಗ, ಊಟದೆಲೆಯನ್ನು ಬಿಟ್ಟೆದ್ದು ಲಕ್ಷೋಪಲಕ್ಷ ಜನ ಕಾಣದ ಸರತಿಯಲ್ಲಿ ನಿಂತರಲ್ಲವೆ? ₹2,500ರಿಂದ ಮೊದಲಾಗುತ್ತಿದ್ದ ಟಿಕೆಟ್ಟುಗಳು ಅನ್ಯ ಜಾಲತಾಣಗಳಲ್ಲಿ ಲಕ್ಷದ ಬೆಲೆ ಹೊತ್ತು ಮೆರೆದುವು. ಅವುಗಳೊಡನೆ ತನಗೆ ಸಂಬಂಧವಿಲ್ಲವೆಂದು ಬುಕ್‌ಮೈಶೋ ಸಾರಿ, ಪೊಲೀಸರಿಗೆ ದೂರನ್ನೂ ಕೊಟ್ಟಿತು. ಅಂದು ಲಕ್ಷ ಕೇಳಿದವರನ್ನು ಊರೇ ಶಪಿಸಿತು. ತಮ್ಮ ಪ್ರತಿಭೆ ಬೆಳಗಿದುದು ಅಲ್ಲಿಯೇ. ತಾವು ಲಕ್ಷ ಕೇಳಲಿಲ್ಲ. “ಲಾಭ ಬೇಡ ಅಕ್ಕ, ಕೊಂಡಿದ್ ದುಡ್ಡು ಬಂದ್ರೆ ಸಾಕು, ಅಜ್ಜಿಗೆ ಹುಷಾರಿಲ್ಲ, ಊರಿಗೆ ಹೋಗ್ಬೇಕು” ಎಂದಿರಿ. ಕಾಣದ ಆ ಅಜ್ಜಿಗಾಗಿ ಮರುಗಿದವರು, ಮರುಕದ ಬೆನ್ನಲ್ಲೇ “ಇನ್ನಿಬ್ರು ಕೇಳ್ತಿದಾರೆ, ಅರ್ಧ ಹಾಕ್ಬಿಡಿ, ಹೋಲ್ಡ್ ಮಾಡ್ತೀನಿ” ಎಂಬ ತಮ್ಮ ಎರಡನೆಯ ಸಂದೇಶಕ್ಕೆ ಗಾಬರಿಗೊಂಡವರು, ಯಾರದೋ ಆಧಾರ್ ಕಾರ್ಡಿನ ಚಿತ್ರವನ್ನು ನೋಡಿ ನಿರಾಳರಾದವರು, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿಬರುವ ಸೀಟನ್ನೂ ಕಾದಿರಿಸಿದವರು, ಈ ಸಭೆಯಲ್ಲಿಯೇ ಇದ್ದಾರೆ; ಕೈಯೆತ್ತಿರೆಂದು ನಾನು ಕೇಳುವುದಿಲ್ಲ.

ಟಿಕೆಟ್ಟನ್ನು ಕೊಟ್ಟೇ ವಂಚಿಸುವ ತಮ್ಮ ಮತ್ತೊಂದು ವಿದ್ಯೆ ಇನ್ನೂ ಸೂಕ್ಷ್ಮವಾದುದು. ಯಾವನೋ ಉತ್ಸಾಹಿ ತನ್ನ ಟಿಕೆಟ್ಟಿನ ಚಿತ್ರವನ್ನು ಕ್ಯೂಆರ್ ಸಮೇತ ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಾನೆ. ತಾವು ಅದನ್ನೇ ಕತ್ತರಿಸಿ ಅನೇಕರಿಗೆ ಹಂಚುತ್ತೀರಿ. ಗೇಟಿನ ಯಂತ್ರವು ಮೊದಲು ಬಂದವನನ್ನು ಒಳಗೆ ಬಿಟ್ಟು, ಉಳಿದವರಿಗೆಲ್ಲ ಕೆಂಪುದೀಪ ತೋರುತ್ತದೆ. ಕೆಲವೊಮ್ಮೆ ಹಾಗೆ ಹೊರಗುಳಿಯುವವನು ಟಿಕೆಟ್ಟಿನ ಅಸಲು ಒಡೆಯನೇ ಆಗಿರುತ್ತಾನೆ. ಹಣ ಹಿಂತಿರುಗಿಸೆಂದು ಅತ್ತವರಿಗೆ ತಾವು ಮತ್ತೊಂದು ಕ್ಯೂಆರ್ ಕಳುಹಿಸಿ, “ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರತ್ತೆ” ಎಂದು ಉಳಿದುದನ್ನೂ ಸೆಳೆದುಕೊಂಡುದನ್ನು ನೆನೆದರೆ ರೋಮಾಂಚವಾಗುತ್ತದೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಬರುವ ಹಣಕ್ಕೆ ಅದನ್ನು ಒತ್ತಬೇಕಾಗಿಯೇ ಇಲ್ಲವೆಂಬುದನ್ನು ದಿನಕ್ಕೆ ಹತ್ತು ಸಲ ತರಕಾರಿಯವಳಿಗೆ ಹಣ ಹಾಕುವ ನಾವೇ ಮರೆತೆವು.

ಆದರೂ ತಮ್ಮ ದಿಗ್ವಿಜಯಕ್ಕೆ ಒಮ್ಮೆ ಭಂಗ ಬಂದುದನ್ನು ಚರಿತ್ರಕಾರನು ಮುಚ್ಚಿಡಲಾಗದು. ಮೊಮ್ಮಗಳಿಗಾಗಿ ಟಿಕೆಟ್ ಅರಸುತ್ತಿದ್ದ ನಮ್ಮ ಸದಸ್ಯೆ, ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, ಸ್ಕ್ರೀನ್‌ಶಾಟನ್ನು ಕಣ್ಣೆತ್ತಿಯೂ ನೋಡದೆ, ಈ ಕಾರ್ಯಕ್ರಮದ ಟಿಕೆಟ್ಟನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಸಂಘಟಕರ ನಿಯಮ ಒಪ್ಪುವುದೇ ಎಂದು ಮೊದಲು ವಿಚಾರಿಸಿಕೊಂಡು, “ಕೊಂಡ ಆಪಿನಿಂದಲೇ ನನ್ನ ನಂಬರಿಗೆ ವರ್ಗಾಯಿಸಪ್ಪ, ಅದು ನನ್ನ ಖಾತೆಯಲ್ಲಿ ಕಂಡ ಮೇಲೆ ಹಣ” ಎಂದರು. “ಆಂಟಿ, ನನ್ ಮೇಲೆ ನಂಬಿಕೆ ಇಲ್ವಾ?” ಎಂದಿರಿ. “ನಿನ್ನ ಮೇಲೆ ಇದೆಯಪ್ಪ, ಟಿಕೆಟ್ಟಿನ ಮೇಲಿಲ್ಲ” ಎಂದರು. ತಾವು ಅವರನ್ನು ಬ್ಲಾಕ್ ಮಾಡಿದಿರಿ. ಮೊಮ್ಮಗಳು ಎರಡು ದಿನ ಮುನಿಸಿಕೊಂಡಿದ್ದಳಂತೆ.

ತಮ್ಮ ನಿಜವಾದ ಮೂಲಧನವು ನಮ್ಮ ಆತುರವೆಂದು ಕೆಲವರು ಹೇಳುವರು. ನನಗೆ ಅದು ನಮ್ಮ ನಾಚಿಕೆಯೆಂದೇ ತೋರುತ್ತದೆ. ಹಣ ಹೋದೊಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿದರೆ, ಅದು ಖಾತೆಯಿಂದ ಖಾತೆಗೆ ಹಾರಿ ಕರಗುವ ಮುನ್ನ ತಡೆಹಿಡಿಯುವ ಅವಕಾಶ ಉಂಟು. ತಂಡ ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನು ಹೆಸರಿಸಿ, ಏಳು ವರ್ಷದವರೆಗಿನ ಸೆರೆವಾಸವನ್ನು ಭಾರತೀಯ ನ್ಯಾಯ ಸಂಹಿತೆಯ 112ನೆಯ ಕಲಮು ವಿಧಿಸಿಯೂ ಇದೆ. ಆದರೆ ‘ಇಷ್ಟು ಓದಿದವನು ಹೀಗೆ ಮೋಸಹೋದನೆ’ ಎಂದು ಮನೆಯವರು ನಕ್ಕಾರೆಂಬ ಭಯದಿಂದ ನಾವು ಆ ಮೊದಲ ಗಂಟೆಯನ್ನು ತಮ್ಮ ಸಂದೇಶಗಳನ್ನು ಮತ್ತೆ ಮತ್ತೆ ಓದುವುದರಲ್ಲಿ, “ಬ್ರೋ, ಇದೀರಾ?” ಎಂದು ಕೇಳುವುದರಲ್ಲಿ ಕಳೆದು, ತಮಗೆ ವಿರಾಮವಾಗಿ ಹಣ ಸಾಗಿಸಲು ಅನುವು ಮಾಡಿಕೊಟ್ಟೆವು. ಈ ಸಹಕಾರವನ್ನು ತಾವು ಎಲ್ಲಿಯಾದರೂ ಸ್ಮರಿಸಿದ್ದೀರೋ ತಿಳಿಯದು.

ಕೊನೆಯದಾಗಿ ಹಮ್ಮಿಣಿಯ ವಿಷಯ. ಶಾಲು, ಗಂಧದ ಹಾರ, ಮೈಸೂರು ಪೇಟಗಳ ಸ್ಕ್ರೀನ್‌ಶಾಟ್‌ಗಳನ್ನು ತಮ್ಮ ನಂಬರಿಗೆ ಈಗಾಗಲೇ ಕಳುಹಿಸಲಾಗಿದೆ; ಅವು ಅಸಲಿಯೆಂದೇ ಭಾವಿಸತಕ್ಕದ್ದು. ಹಮ್ಮಿಣಿಯನ್ನು ಮಾತ್ರ ಖುದ್ದಾಗಿ ಬಂದು ಸ್ವೀಕರಿಸಬೇಕೆಂದು ಪ್ರಾರ್ಥನೆ. ಇನ್ನಿಬ್ಬರು ಕೇಳುತ್ತಿರುವುದರಿಂದ ತಾವು ತ್ವರೆಮಾಡುವುದು ಲೇಸು. ಅದನ್ನು ತಮ್ಮ ಕೈಗೆ ಅರ್ಪಿಸಲೆಂದು ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು ಬೆಳಗಿನಿಂದ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ.