ನನಗೆ ಅಪ್ಪನಿಲ್ಲ, ತಾತನಿದ್ದಾನೆ

ಬೆಂಗಳೂರಿನ ಸಹಕಾರನಗರದ ಒಂದು ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನಡಿ ಹೆಜ್ಜೇನು ಕಟ್ಟಿದೆ. ತೆಗೆಸಬೇಕೋ ಬೇಡವೋ ಎಂದು ನಿವಾಸಿಗಳ ಸಂಘ ಸಭೆಯ ಮೇಲೆ ಸಭೆ ನಡೆಸಿ, ಮುಂದಿನ ಸಭೆಯ ದಿನಾಂಕವನ್ನು ಒಮ್ಮತದಿಂದ ನಿರ್ಧರಿಸಿದೆ. ಅಷ್ಟರಲ್ಲಿ ಗೂಡಿನವರ ಅಭಿಪ್ರಾಯವನ್ನೂ ಕೇಳೋಣವೆಂದು ನಮ್ಮ ಪ್ರತಿನಿಧಿ ತಾರಸಿ ಹತ್ತಿದರು. ರಾಣಿ ಮೊಟ್ಟೆ ಇಡುತ್ತಿದ್ದಳು, ಕೆಲಸಗಾರ್ತಿಯರಿಗೆ ಪುರಸೊತ್ತಿರಲಿಲ್ಲ. ಮಾತಿಗೆ ಸಿಕ್ಕವನು ಒಬ್ಬ ಗಂಡುಜೇನು.

ಪ್ರಶ್ನೆ: ಮೊದಲು ಸಂಘದ ಫಾರಂ ತುಂಬಿಬಿಡೋಣ. ತಂದೆಯ ಹೆಸರು?

ಗಂಡುಜೇನು: ಇಲ್ಲ.

ಪ್ರಶ್ನೆ: ಅಯ್ಯೋ, ತೀರಿಕೊಂಡರೇ?

ಗಂಡುಜೇನು: ತೀರಿಕೊಳ್ಳುವುದಕ್ಕೆ ಮೊದಲು ಇರಬೇಕಲ್ಲ ಸ್ವಾಮಿ! ನಮ್ಮಮ್ಮ ವೀರ್ಯವನ್ನು ಹೊಟ್ಟೆಯ ಚೀಲವೊಂದರಲ್ಲಿ ಕೂಡಿಟ್ಟುಕೊಂಡಿದ್ದಾಳೆ. ಮೊಟ್ಟೆಗೆ ಅದು ಸೇರಿದರೆ ಮಗಳು, ಸೇರದಿದ್ದರೆ ಮಗ. ನಾನು ಸೇರದೆ ಹುಟ್ಟಿದವನು. ಆದರೆ ತಾತನಿದ್ದಾನೆ, ಅಮ್ಮನ ಅಪ್ಪ. ನನಗೆ ಗಂಡುಮಕ್ಕಳು ಹುಟ್ಟುವಂತಿಲ್ಲ, ಮೊಮ್ಮಗ ಹುಟ್ಟಬಹುದು. ಕರಾವಳಿಯ ಅಳಿಯಸಂತಾನದಲ್ಲೂ ಮನೆಯಲ್ಲಿ ಅಪ್ಪ ಅಂತ ಒಬ್ಬನಿರುತ್ತಿದ್ದ. ನಾವು ಅವರನ್ನೂ ಮೀರಿಸಿದವರು.

ಪ್ರಶ್ನೆ: ಇದನ್ನು ಯಾರಾದರೂ ದೃಢೀಕರಿಸಿದ್ದಾರೆಯೇ? ಗೆಜೆಟೆಡ್ ಅಧಿಕಾರಿ?

ಗಂಡುಜೇನು: ಪಾದ್ರಿ ಆದೀತೇ? ಸೈಲೀಷಿಯಾದ ಯಾನ್ ಜೆರ್ಝೋನ್, 1845ರಲ್ಲೇ ಹೇಳಿದ, ಗಂಡುಜೇನು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ ಅಂತ. ಸಂಸಾರಸ್ಥರಿಗೆ ಯಾರಿಗೂ ಹೊಳೆಯದ್ದು ಬ್ರಹ್ಮಚಾರಿಗೆ ಹೊಳೆಯಿತು ನೋಡಿ.

ಪ್ರಶ್ನೆ: ಹಾಗಾದರೆ ಲೆಕ್ಕದಲ್ಲಿ ನೀವು ಅರ್ಧ ಜೇನು.

ಗಂಡುಜೇನು: ನನ್ನ ಅಕ್ಕತಂಗಿಯರಿಗೆ ವರ್ಣತಂತು 32, ಅಮ್ಮನದೊಂದು ಸೆಟ್ಟು, ಅಪ್ಪನದೊಂದು ಸೆಟ್ಟು. ಅವರು ದ್ವಿಗುಣಿತರು, ನೀವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಡಿಪ್ಲಾಯ್ಡ್. ನನಗೆ ಅಮ್ಮನ 16 ಮಾತ್ರ. ನಾನು ಏಕಗುಣಿತ, ಹ್ಯಾಪ್ಲಾಯ್ಡ್. ನಗಬೇಡಿ, ನಿಮ್ಮಲ್ಲೂ ನನ್ನಂಥವರಿದ್ದಾರೆ. ನಿಮ್ಮ ಮೈಯ ಕೋಶಗಳಲ್ಲಿ 46 ಇದ್ದರೂ ಅಂಡದಲ್ಲಿ, ವೀರ್ಯಾಣುವಿನಲ್ಲಿ 23 ಅಷ್ಟೇ. ಹಾಗೆ ಅರ್ಧ ಮಾಡದಿದ್ದರೆ ಮಗುವಿಗೆ 92, ಮೊಮ್ಮಗುವಿಗೆ 184 ಆಗುತ್ತಿತ್ತು. ಪಾಪ, ನಿಮ್ಮ ಏಕಗುಣಿತರು ಒಂದೊಂದೇ ಕೋಶವಾಗಿ ಬಂದು ಹೋಗುತ್ತಾರೆ. ನನಗೆ ರೆಕ್ಕೆಯಿದೆ, ತಲೆ ತುಂಬ ಕಣ್ಣಿದೆ, ಸಂದರ್ಶನವನ್ನೂ ಕೊಡುತ್ತಿದ್ದೇನೆ.

ಪ್ರಶ್ನೆ: ಆದರೂ ಒಂದಕ್ಕಿಂತ ಎರಡು ಮೇಲಲ್ಲವೇ?

ಗಂಡುಜೇನು: ಪಕ್ಕದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಬೆಳೆಯುತ್ತಾರಲ್ಲ ರಾಗಿ, ಅದಕ್ಕೆ ನಾಲ್ಕು ಸೆಟ್ಟು, ಒಟ್ಟು 36. ನೀವು ತಿನ್ನುವ ಪಚ್ಚಬಾಳೆಗೆ ಮೂರು, ಏಲಕ್ಕಿಬಾಳೆಗೆ ಎರಡು. ಸೆಟ್ಟು ಹೆಚ್ಚಿದ್ದವರೇ ದೊಡ್ಡವರಾದರೆ ಮುದ್ದೆ ನಿಮ್ಮನ್ನು ನುಂಗಬೇಕಿತ್ತು.

ಪ್ರಶ್ನೆ: ಎರಡು ಸೆಟ್ಟಿನಿಂದ ಏನೂ ಉಪಯೋಗವಿಲ್ಲ ಅನ್ನುತ್ತೀರಾ?

ಗಂಡುಜೇನು: ಇದೆ, ಮುಚ್ಚಿಹಾಕಲು ಅನುಕೂಲ. ನಿಮ್ಮೂರಿನ ಕಟ್ಟಡಗಳಿಗೆ ಎರಡು ನಕ್ಷೆ ಇರುತ್ತದಲ್ಲ, ಪಾಲಿಕೆಗೆ ತೋರಿಸುವುದೊಂದು, ಕಟ್ಟುವುದೊಂದು, ಹಾಗೆ. ಒಂದು ವಂಶವಾಹಿ ಕೆಟ್ಟಿದ್ದರೂ ಅದರ ಜೋಡಿ ಸರಿಯಿದ್ದರೆ ಎಷ್ಟೋ ಸಲ ಕೆಲಸ ನಡೆದುಹೋಗುತ್ತದೆ. ದೋಷ ಕಾಣಿಸದೆ ತಲೆಮಾರುಗಟ್ಟಲೆ ಒಳಗೇ ಕೂತಿರುತ್ತದೆ. ನನ್ನದು ಒಂದೇ ನಕ್ಷೆ. ತಪ್ಪಿದ್ದರೆ ಮೈಮೇಲೇ ಬಯಲಾಗುತ್ತದೆ. ಹಾರಲಾರದ ಗಂಡಿಗೆ ರಾಣಿ ಸಿಗುವುದಿಲ್ಲ, ಅವನ ದೋಷ ಅವನೊಂದಿಗೇ ಮಣ್ಣಾಗುತ್ತದೆ. ನಮ್ಮ ವಂಶದ ಆಡಿಟ್ ಪ್ರತಿ ಗಂಡಿನ ಮೈಯಲ್ಲೂ ನಡೆಯುತ್ತದೆ. ನಿಮ್ಮ ಸಂಘದ್ದು ಯಾವಾಗ ಆಗಿತ್ತು?

ಪ್ರಶ್ನೆ: ಪ್ರಶ್ನೆ ಕೇಳುವುದು ನಾವು. ಅಂದರೆ, ಒಂದು ಸೆಟ್ಟಿದ್ದರೆ ಗಂಡು, ಎರಡಿದ್ದರೆ ಹೆಣ್ಣು?

ಗಂಡುಜೇನು: ಅಷ್ಟು ಸುಲಭವಾಗಿದ್ದರೆ ಗೈಡ್ ಮಾರುವವರ ಗತಿ ಏನು? ನಿಜವಾದ ತೀರ್ಪು ಸಿಎಸ್‌ಡಿ ಎಂಬ ಒಂದೇ ವಂಶವಾಹಿಯದು. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಯುರೋಪಿನ ನೆಂಟರಲ್ಲಿ ವಿಜ್ಞಾನಿಗಳು ಅದನ್ನು 2003ರಲ್ಲಿ ಪತ್ತೆಹಚ್ಚಿದರು. ಅದರ ಎರಡು ಪ್ರತಿ ಬೇರೆ ಬೇರೆ ಇದ್ದರೆ ಹೆಣ್ಣು. ಒಂದೇ ಪ್ರತಿಯಿದ್ದರೆ ಗಂಡು. ಎರಡೂ ಒಂದೇ ಥರ ಇದ್ದರೂ ಗಂಡೇ, ಆದರೆ ದ್ವಿಗುಣಿತ ಗಂಡು. ರಾಣಿ ತನ್ನ ಒಡಹುಟ್ಟಿದವನನ್ನೇ ಕೂಡಿದರೆ ಇಂಥವು ಹುಟ್ಟುವ ಸಂಭವ ಹೆಚ್ಚು.

ಪ್ರಶ್ನೆ: ನಮ್ಮಲ್ಲೂ ಸೋದರಮಾವನಿಗೇ ಕೊಡುವುದುಂಟು. ಆಸ್ತಿ ಹೊರಗೆ ಹೋಗುವುದಿಲ್ಲ.

ಗಂಡುಜೇನು: ಆಸ್ತಿಯ ಜೊತೆ ಬಚ್ಚಿಟ್ಟುಕೊಂಡ ದೋಷವೂ ಹೊರಗೆ ಹೋಗುವುದಿಲ್ಲ, ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಜೋಡಿಯಾಗಬಹುದು. ನಮ್ಮಲ್ಲಿ ಇದಕ್ಕೆ ಕರುಣೆಯಿಲ್ಲ. ಮೊಟ್ಟೆಯೊಡೆದು ಬಂದ ದ್ವಿಗುಣಿತ ಗಂಡುಮರಿಗಳನ್ನು ದಾದಿ ಜೇನುಗಳೇ ತಿಂದುಬಿಡುತ್ತವೆ. ಪೋಲೆಂಡಿನ ವಾಯ್ಕೆ ಎಂಬ ವಿಜ್ಞಾನಿ 1963ರಲ್ಲಿ ಇದನ್ನು ತೋರಿಸಿದ. ಎರಡು ಪ್ರತಿ ಇದ್ದರೆ ಸಾಲದು, ಎರಡರಲ್ಲಿ ಏನಾದರೂ ವ್ಯತ್ಯಾಸ ಇರಬೇಕು. ಇಪ್ಪತ್ತು ಜನ ಕೂತು ಅಧ್ಯಕ್ಷರು ಹೇಳಿದ್ದನ್ನೇ ಇಪ್ಪತ್ತು ಸಲ ಹೇಳುವ ಸಭೆಗಳು ನನಗೆ ಗೊತ್ತು, ಟ್ಯಾಂಕಿನ ಕೆಳಗೇ ನಡೆಯುತ್ತವೆ.

ಪ್ರಶ್ನೆ: ನಿಮ್ಮ ಅಕ್ಕತಂಗಿಯರು ಮದುವೆ ಮಕ್ಕಳು ಎನ್ನದೆ ದುಡಿಯುತ್ತಾರೆ. ಏನು ಕರ್ಮ?

ಗಂಡುಜೇನು: ಅದಕ್ಕೂ ಗಂಡಿನ ಒಂದೇ ಸೆಟ್ಟು ಕಾರಣ ಎಂಬ ವಾದ ಇತ್ತು. ನಾನು ಹಂಚುವಾಗ ಅರ್ಧ ಮಾಡಲು ಏನಿದೆ? ಇರುವ ಹದಿನಾರನ್ನೂ ಪ್ರತಿ ಮಗಳಿಗೂ ಹಾಗೇ ಕೊಡುತ್ತೇನೆ. ಹೀಗಾಗಿ ಒಬ್ಬನೇ ಅಪ್ಪನ ಅಕ್ಕತಂಗಿಯರ ನಂಟು ಮುಕ್ಕಾಲು ಪಾಲು, ತಾಯಿ ಮಗಳದು ಅರ್ಧ ಪಾಲು. ಹೆರುವುದಕ್ಕಿಂತ ತಂಗಿಯರನ್ನು ಸಾಕುವುದೇ ಲಾಭವೆಂದು ಇಂಗ್ಲೆಂಡಿನ ಹ್ಯಾಮಿಲ್ಟನ್ 1964ರಲ್ಲಿ ಲೆಕ್ಕ ಕಟ್ಟಿದ. ಲೆಕ್ಕವೇನೋ ಸೊಗಸು. ಆದರೆ ನಮ್ಮ ರಾಣಿ ಹತ್ತಾರು ಗಂಡುಗಳನ್ನು ಕೂಡಿದವಳು, ಮುಕ್ಕಾಲು ಎಲ್ಲಿ ಉಳಿಯಿತು? ಇಲ್ಲೇ ಟಾಟಾ ಇನ್‌ಸ್ಟಿಟ್ಯೂಟಿನ ರಾಘವೇಂದ್ರ ಗದಗ್ಕರ್ ಅವರು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಹುಳುವಿನ ಹಿಂದೆ ದಶಕಗಳನ್ನೇ ಕಳೆದರು. ಅಲ್ಲೂ ನಂಟು ಮುಕ್ಕಾಲು ಮುಟ್ಟುವುದಿಲ್ಲ, ಆದರೂ ಅಕ್ಕಂದಿರು ದುಡಿಯುತ್ತಾರೆ. ದುಡಿಯುವವರಿಗೆ ನಾವು ಹೇಳುವ ಕಾರಣ ಒಂದಾದರೆ ಅವರ ಕಾರಣ ಇನ್ನೊಂದು.

ಪ್ರಶ್ನೆ: ನೀವಂತೂ ಕೂತು ಉಣ್ಣುತ್ತೀರಿ. ಕಚ್ಚಿಯಾದರೂ ಗೂಡು ಕಾಯಬಾರದೇ?

ಗಂಡುಜೇನು: ಕೊಂಡಿ ಎನ್ನುವುದು ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಆದದ್ದು. ಗಂಡಸಿಗೆ ಎಲ್ಲಿಂದ ಬರಬೇಕು? ನನಗಿರುವುದು ಒಂದೇ ಕೆಲಸ. ತುಡುವೆಯ ಗಂಡುಗಳು ಮಧ್ಯಾಹ್ನವೇ ಹಾರುತ್ತವೆ, ನಾವು ಹೊತ್ತು ಮುಳುಗಿದ ಮೇಲೆ. ಒಂದೇ ಬಡಾವಣೆಯಲ್ಲಿ ಜಾತಿಗೊಂದು ಮುಹೂರ್ತ, ನಿಮಗೆ ಇದು ಅರ್ಥವಾಗುತ್ತದೆ. ರಾಣಿ ಸಿಕ್ಕರೆ ಕೂಡಿದ ಕೂಡಲೇ ಸಾವು. ಸಿಗದಿದ್ದರೆ ಬದುಕಿ ಬರುತ್ತೇನೆ. ನಮ್ಮಲ್ಲಿ ಬದುಕಿ ಉಳಿದವನೆಂದರೆ ಫೇಲಾದವನು.

ಪ್ರಶ್ನೆ: ನಮ್ಮ ಓದುಗರ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿದೆ. ಏಕಗುಣಿತಕ್ಕೂ ದ್ವಿಗುಣಿತಕ್ಕೂ ವ್ಯತ್ಯಾಸ ತಿಳಿಸಿ. ಎರಡು ಅಂಕ.

ಗಂಡುಜೇನು: ದ್ವಿಗುಣಿತನಿಗೆ ತಪ್ಪನ್ನು ಬಚ್ಚಿಡಲು ಜಾಗವಿದೆ, ಏಕಗುಣಿತನಿಗಿಲ್ಲ. ಹೊತ್ತಾಯಿತು, ಹೊರಟೆ. ಎರಡು ಅಂಕ ಬೇಡ ಸ್ವಾಮಿ, ನನಗೆ ಒಂದೇ ಸಾಕು.